ದವಾಖಾನೆಯ ಪಕ್ಕದ ಹತ್ತು ಗುಂಟೆ

ಪಶು ಆಸ್ಪತ್ರೆಗೆ ಕಟ್ಟಡಕ್ಕಿಂತ ಬಯಲೇ ಮುಖ್ಯವೆಂಬ ಮಾತು ಮೊದಲಿಗೆ ವಿಚಿತ್ರವಾಗಿ ಕೇಳಿಸಿದರೂ, ಅಲ್ಲಿ ನಡೆಯುವ ಕೆಲಸವನ್ನು ಗಮನಿಸಿದವರಿಗೆ ಅದು ಸಹಜವೆನಿಸುತ್ತದೆ. ಕಟ್ಟಡದೊಳಗೆ ಇರುವುದು ವೈದ್ಯಾಧಿಕಾರಿಯ ಮೇಜು, ಔಷಧದ ಕಪಾಟು, 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಲಸಿಕೆಯನ್ನು ಕಾಯುವ ಫ್ರಿಜ್, ಕೃತಕ ಗರ್ಭಧಾರಣೆಗೆ ಬೇಕಾದ ವೀರ್ಯನಳಿಕೆಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಮುಳುಗಿಸಿಟ್ಟ ಜಾಡಿ ಮತ್ತು ದಾಖಲೆ ಪುಸ್ತಕಗಳು ಮಾತ್ರ. ನಾಲ್ಕೈದು ಕ್ವಿಂಟಲ್ ತೂಗುವ ಎತ್ತಾಗಲಿ, ಕರು ಹಾಕಲಾರದೆ ಒದ್ದಾಡುವ ಎಮ್ಮೆಯಾಗಲಿ, ಮುನ್ನೂರು ಕುರಿಗಳ ಹಿಂಡಾಗಲಿ ಆ ಬಾಗಿಲಿನೊಳಗೆ ಹೋಗುವಂಥವಲ್ಲವಾದ್ದರಿಂದ, ನಿಜವಾದ ಚಿಕಿತ್ಸೆ ನಡೆಯುವುದು ಗೋಡೆಯ ಹೊರಗೆ. ಆದ್ದರಿಂದ ಗ್ರಾಮೀಣ ಪಶು ಆಸ್ಪತ್ರೆಯೊಂದು ತನ್ನ ಪಕ್ಕದ ಊರ ಜಾಗವನ್ನು ಬಳಸಲು ಅನುಮತಿ ಕೋರಿದಾಗ, ಅದು ಕೇಳುತ್ತಿರುವುದು ಉದ್ಯಾನವನ್ನೋ ವಾಹನ ನಿಲುಗಡೆಯನ್ನೋ ಅಲ್ಲ, ತನ್ನ ವಾರ್ಡನ್ನೇ. ಆ ಜಾಗ ಯಾರದು, ಅದನ್ನು ಕೊಡುವ ಅಧಿಕಾರ ಯಾರಿಗಿದೆ, ಕೊಟ್ಟರೆ ಯಾವ ಷರತ್ತಿನ ಮೇಲೆ ಎಂಬ ಪ್ರಶ್ನೆಗಳು ಮಾತ್ರ ಮೇಲ್ನೋಟಕ್ಕೆ ಕಾಣುವಷ್ಟು ಸರಳವಾಗಿಲ್ಲ.

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಯ ಮೇಲಿರುವ ಹಮ್ಮಿಗಿಯಂಥ ಊರಿನಲ್ಲಿ ನಿಂತು ನೋಡಿದರೆ ಈ ಪ್ರಶ್ನೆಗಳು ಹೆಚ್ಚು ಸ್ಪಷ್ಟವಾಗುತ್ತವೆ. ಸಿಂಗಟಾಲೂರು ಏತ ನೀರಾವರಿ ಯೋಜನೆಗಾಗಿ ನದಿಗೆ ಅಡ್ಡಲಾಗಿ ಕಟ್ಟಿದ 26 ಗೇಟುಗಳ ಬ್ಯಾರೇಜಿನಿಂದಾಗಿ ಹಮ್ಮಿಗಿಯ ಹೆಸರು ಜಿಲ್ಲೆಯ ಆಚೆಗೂ ಕೇಳಿಬಂದಿದೆ. ಬ್ಯಾರೇಜಿನ ಹಿನ್ನೀರು ಒಂದೆಡೆ ಹೊಲಗಳಿಗೆ ನೀರಿನ ಆಸೆ ಹುಟ್ಟಿಸಿದರೆ, ಇನ್ನೊಂದೆಡೆ ನದಿ ದಂಡೆಯ ಮೇವಿನ ಜಾಗವನ್ನು ನುಂಗಿ, ಬಿದರಹಳ್ಳಿ, ಗುಮ್ಮಗೋಳ, ವಿಠಲಾಪುರಗಳ ಜನರಿಗೆ ಸ್ಥಳಾಂತರದ ಪ್ರಶ್ನೆಯನ್ನು ತಂದೊಡ್ಡಿತು. ನದಿಯಿಂದ ದೂರ ಸರಿದಂತೆ ಜೋಳ, ಕಡಲೆ, ಸೂರ್ಯಕಾಂತಿ ಬೆಳೆಯುವ ಎರೆ ಭೂಮಿ, ಅದರಾಚೆ ಕಪ್ಪತಗುಡ್ಡದ ಸಾಲು. ಸುಮಾರು 244 ಚದರ ಕಿಲೋಮೀಟರ್ ವಿಸ್ತಾರದ ಕಪ್ಪತಗುಡ್ಡವು 2019ರಲ್ಲಿ ವನ್ಯಜೀವಿ ಧಾಮವೆಂದು ಘೋಷಣೆಯಾದದ್ದು ಗುಡ್ಡದ ಉಳಿವಿನ ದೃಷ್ಟಿಯಿಂದ ಅಗತ್ಯವೇ ಆಗಿತ್ತಾದರೂ, ಕುರಿ ಮೇಯಿಸುವವರ ಪಾಲಿಗೆ ಅದು ಇನ್ನೊಂದು ಗಡಿಯಾಯಿತು. ಒಂದು ಕಡೆ ನೀರು, ಇನ್ನೊಂದು ಕಡೆ ಅಭಯಾರಣ್ಯ, ನಡುವೆ ಉತ್ತಿ ಬಿತ್ತುವ ಹೊಲ ಎಂಬ ಈ ಭೂಗೋಳದಲ್ಲಿ ಊರ ಹತ್ತಿರ ಖಾಲಿ ಉಳಿದಿರುವ ಒಂದೊಂದು ಗುಂಟೆಗೂ ಹಲವು ಹಕ್ಕುದಾರರಿರುವುದು ಆಶ್ಚರ್ಯವಲ್ಲ.

ಜಾಗದ ಅಗತ್ಯವನ್ನು ಮೊದಲು ಕಣ್ಣೆದುರಿಗೆ ತಂದುಕೊಳ್ಳುವುದು ಒಳಿತು. ದನದ ದವಾಖಾನೆಯ ಅಂಗಳದಲ್ಲಿ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಟ್ರೆವಿಸ್, ಅಂದರೆ ಕಬ್ಬಿಣದ ಕೊಳವೆಗಳನ್ನು ನೆಲಕ್ಕೆ ನೆಟ್ಟು, ದನ ಅತ್ತಿತ್ತ ಅಲುಗದಂತೆ ಅಡ್ಡಪಟ್ಟಿ ಹಾಕಿ ಮಾಡಿದ ಚೌಕಟ್ಟು. ದನವನ್ನು ಹಿಂದಿನಿಂದ ಒಳಗೆ ಹೊಗಿಸಿ, ಮೂಗುದಾರದ ಹಗ್ಗವನ್ನು ಮುಂದಿನ ಕಂಬಕ್ಕೆ ಬಿಗಿದು, ಹಿಂಗಾಲಿನ ಹಿಂದೆ ಅಡ್ಡಗೋಲು ಸರಿಸಿದ ಮೇಲಷ್ಟೇ ವೈದ್ಯರು ಗರ್ಭ ಪರೀಕ್ಷೆಗೋ ಚುಚ್ಚುಮದ್ದಿಗೋ ಕೈ ಹಾಕುವುದು. ಕೆಲಸ ಮುಗಿದ ಬಳಿಕ ದನ ಹಿಮ್ಮೆಟ್ಟದೆ ಮುಂದಿನಿಂದಲೇ ಹೊರಹೋಗಬೇಕಾದ್ದರಿಂದ ಚೌಕಟ್ಟಿನ ಎರಡೂ ಕಡೆ ನಾಲ್ಕು ಹೆಜ್ಜೆಯ ತೆರಪು ಇರಲೇಬೇಕು. ಗೋಡೆಗೆ ಒತ್ತಿಕೊಂಡಂತೆ ಟ್ರೆವಿಸ್ ನೆಟ್ಟಿರುವ ಕಡೆಗಳಲ್ಲಿ ಬೆದರಿದ ಹೋರಿಯನ್ನು ಹಿಂದಕ್ಕೆ ಎಳೆಯುವಾಗ ಒದೆ ತಿನ್ನುವವರು ಸಾಮಾನ್ಯವಾಗಿ ಅದರ ಮಾಲೀಕರೇ. ಇನ್ನು ಬೀಜ ಒಡೆಯುವಂಥ ಕೆಲಸಕ್ಕೆ ಹೋರಿಯನ್ನು ಹಗ್ಗ ಹಾಕಿ ಕೆಡವಬೇಕಾಗಿ ಬಂದರೆ ಕಲ್ಲುಚಪ್ಪಡಿ ಇಲ್ಲದ ಮೆತ್ತನೆಯ ಮಣ್ಣಿನ ನೆಲ ಬೇಕು. ಎದ್ದು ನಿಲ್ಲಲಾರದ ಹಸು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಬಂದರೆ ಆ ಟ್ರೇಲರು ತಿರುಗಲು ಜಾಗ ಬೇಕು. ಹೊಟ್ಟೆ ಉಬ್ಬರಿಸಿ ಬಂದ ಎತ್ತನ್ನು ಚಿಕಿತ್ಸೆಯ ನಂತರ ಗಂಟೆಗಟ್ಟಲೆ ನೋಡಿಕೊಳ್ಳಲು ನೆರಳು ಬೇಕು.

ಕುರಿಗಳದು ಇನ್ನೊಂದು ಲೆಕ್ಕ. 2019ರ ಜಾನುವಾರು ಗಣತಿಯ ಪ್ರಕಾರ ಕರ್ನಾಟಕದಲ್ಲಿ ದನಗಳ ಸಂಖ್ಯೆ ಸುಮಾರು 85 ಲಕ್ಷವಾದರೆ ಕುರಿಗಳ ಸಂಖ್ಯೆ 1 ಕೋಟಿ 10 ಲಕ್ಷದ ಆಸುಪಾಸಿನಲ್ಲಿತ್ತು. ಆಡು ಕುರಿಗಳನ್ನು ಕಾಡುವ ಪಿಪಿಆರ್ ರೋಗ, ಕುರಿ ಸಿಡುಬು, ನೀಲಿನಾಲಿಗೆ, ಕರುಳುಬೇನೆಗಳಿಗೆ ಲಸಿಕೆ ಹಾಕುವಾಗ ಒಂದೊಂದೇ ಕುರಿಯನ್ನು ಕರೆದು ಕೂರಿಸುವಂತಿಲ್ಲ. ಹಿಂಡನ್ನು ಒಂದು ತಟ್ಟಿಯೊಳಗೆ ಕೂಡಿ, ಇಕ್ಕಟ್ಟಾದ ದಾರಿಯಲ್ಲಿ ಸಾಲಾಗಿ ಬಿಟ್ಟು, ಲಸಿಕೆ ಆದದ್ದನ್ನು ಆಗದಿರುವುದರಿಂದ ಬೇರ್ಪಡಿಸಬೇಕು. ಇದಕ್ಕೆ ಆವರಣವಿಲ್ಲದ ಆಸ್ಪತ್ರೆಗಳಲ್ಲಿ ಕುರಿಗಾರನೇ ಹಿಂಡನ್ನು ರಸ್ತೆಯ ಬದಿಯಲ್ಲಿ ತಡೆದು ನಿಲ್ಲಿಸಿಕೊಳ್ಳಬೇಕಾಗುತ್ತದೆ, ಬಸ್ಸು ಬಂದರೆ ಎಣಿಕೆ ತಪ್ಪುತ್ತದೆ.

ರೋಗ ಹರಡುವಿಕೆಯ ಪ್ರಶ್ನೆ ಇದಕ್ಕಿಂತ ಗಂಭೀರವಾದುದು. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲಿ ವ್ಯಾಪಿಸಿದಾಗ ದನದ ಸಂತೆಗಳನ್ನೂ ಜಾತ್ರೆಗಳನ್ನೂ ನಿಲ್ಲಿಸಲಾಯಿತು, ಏಕೆಂದರೆ ನೊಣ, ಸೊಳ್ಳೆ, ಉಣ್ಣೆಗಳ ಮೂಲಕ ಹರಡುವ ಈ ರೋಗಕ್ಕೆ ದನಗಳು ಒತ್ತಾಗಿ ನಿಲ್ಲುವ ಯಾವುದೇ ಜಾಗ ಅನುಕೂಲವಾಗುತ್ತದೆ. ಸಂತೆ ನಿಲ್ಲಿಸಿದ ಮೇಲೂ ದನಗಳು ಒತ್ತಾಗಿ ನಿಲ್ಲುತ್ತಿದ್ದ ಒಂದು ಸ್ಥಳ ಉಳಿದಿತ್ತು, ಅದು ಆಸ್ಪತ್ರೆಯ ಅಂಗಳ. ಮೈತುಂಬ ಗಂಟೆದ್ದ ಹಸುವೂ ಗರ್ಭಧಾರಣೆಗೆಂದು ಬಂದ ಆರೋಗ್ಯವಂತ ಕಡಸೂ ಐದು ಗುಂಟೆಯ ಆವರಣದಲ್ಲಿ, ಅಂದರೆ ಕಟ್ಟಡವೂ ಸೇರಿದ 5,445 ಚದರ ಅಡಿಯಲ್ಲಿ, ಒಂದೇ ಬೇವಿನ ಮರದ ನೆರಳಿಗೆ ನಿಂತರೆ ಚಿಕಿತ್ಸೆಯ ಜಾಗವೇ ಸೋಂಕಿನ ಜಾಗವಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಹತ್ತು ಗುಂಟೆ ಸಿಕ್ಕಿದರೆ ರೋಗದ ದನಕ್ಕೆ ಬೇರೆ ದಾರಿ, ಬೇರೆ ನೀರಿನ ತೊಟ್ಟಿ, ಬೇರೆ ನೆರಳನ್ನು ಕೊಡಲು ಸಾಧ್ಯ. ಬಳಸಿದ ಸೂಜಿ, ಹತ್ತಿ, ಔಷಧದ ಸೀಸೆಗಳನ್ನು ಬೇರ್ಪಡಿಸಿ ವಿಲೇವಾರಿ ಮಾಡಬೇಕೆನ್ನುವ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಪಶು ಆಸ್ಪತ್ರೆಗಳಿಗೂ ಅನ್ವಯಿಸುತ್ತವೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ಆದರೆ ಹತ್ತಿರದ ಜಾಗವೆಂದು ಎಲ್ಲ ಕೆಲಸಕ್ಕೂ ಅದನ್ನೇ ಬಳಸುವಂತಿಲ್ಲ. ನೆರಡಿ ರೋಗದಿಂದ, ಎಂದರೆ ಅಂಥ್ರಾಕ್ಸಿನಿಂದ, ಸತ್ತ ದನದ ದೇಹವನ್ನು ಕೊಯ್ಯಬಾರದು. ಗಾಳಿಗೆ ತೆರೆದುಕೊಂಡ ರೋಗಾಣು ಬೀಜಕಣವಾಗಿ ಮಾರ್ಪಟ್ಟು ಮಣ್ಣಿನಲ್ಲಿ ದಶಕಗಳ ಕಾಲ ಬದುಕಬಲ್ಲದು. ಅಂಥ ದೇಹವನ್ನು ಆರು ಅಡಿಗೂ ಆಳದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಬೇಕಾಗಿದ್ದು, ಆ ಗುಂಡಿ ಜನವಸತಿಯಿಂದಲೂ ನೀರಿನ ಸೆಲೆಯಿಂದಲೂ ದೂರವಿರಬೇಕು. ಮಳೆಗಾಲದಲ್ಲಿ ಮೇಲಿನ ಜಲಾಶಯಗಳಿಂದ ನೀರು ಬಿಟ್ಟೊಡನೆ ದಂಡೆ ಮೀರುವ ತುಂಗಭದ್ರೆಯ ಮಗ್ಗುಲಲ್ಲಿರುವ ಊರುಗಳಲ್ಲಿ ಆಸ್ಪತ್ರೆಯ ಪಕ್ಕದ ತಗ್ಗು ಜಾಗವನ್ನು ಹೂಳುವುದಕ್ಕೆ ಬಳಸುವುದು ಅಪಾಯವನ್ನು ನೀರಿಗೆ ಒಪ್ಪಿಸಿದಂತೆ.

ಇನ್ನು ಒಡೆತನದ ಮಾತು. ಹಳ್ಳಿಯವರು ಊರ ಜಾಗವೆಂದು ಒಂದೇ ಹೆಸರಿನಿಂದ ಕರೆಯುವ ಬಯಲು ಕಂದಾಯ ದಾಖಲೆಯಲ್ಲಿ ಕನಿಷ್ಠ ನಾಲ್ಕು ಬಗೆಯದಾಗಿರಬಹುದು. ಮನೆ, ಗುಡಿ, ಚಾವಡಿಗಳಿರುವ ವಸತಿ ಪ್ರದೇಶವನ್ನು ಉತ್ತರ ಕರ್ನಾಟಕದಲ್ಲಿ ಗಾವಠಾಣವೆನ್ನುತ್ತಾರೆ. ಅದರೊಳಗಿನ ಖಾಲಿ ಜಾಗ ಗ್ರಾಮ ಪಂಚಾಯಿತಿಯ ಆಸ್ತಿ ವಹಿಯಲ್ಲಿ ಸೇರಿದ್ದರೆ ಅದು ಪಂಚಾಯಿತಿಯದು. ಊರ ದನಗಳ ಉಚಿತ ಮೇವಿಗೆ ಕಾದಿರಿಸಿದ ಸರ್ಕಾರಿ ಭೂಮಿ ಗಾಯರಾಣ, ಹಳೆಯ ಮೈಸೂರಿನವರ ಬಾಯಲ್ಲಿ ಇದೇ ಗೋಮಾಳ. ಸಾಗುವಳಿಗೆ ಒದಗದೆಂದೋ ಸಾರ್ವಜನಿಕ ಬಳಕೆಯದೆಂದೋ ಕಂದಾಯ ವಿಧಿಸದೆ ಬಿಟ್ಟದ್ದು ಖರಾಬು. ಇದರಲ್ಲಿ ‘ಅ’ ಖರಾಬು ಕೃಷಿಗೆ ಯೋಗ್ಯವಲ್ಲದ ನೆಲವಾದರೆ, ‘ಬ’ ಖರಾಬು ದಾರಿ, ಹಳ್ಳ, ಕೆರೆ, ಸ್ಮಶಾನಗಳಂಥ ಸಾರ್ವಜನಿಕ ಉದ್ದೇಶಕ್ಕೆ ಮೀಸಲಾದದ್ದು. ಇವಾವುವೂ ಅಲ್ಲದ ಸರ್ಕಾರಿ ಪಡ ನಾಲ್ಕನೆಯದು. ಪಂಚಾಯಿತಿಯದಲ್ಲದ ಉಳಿದ ಬಗೆಗಳ ವಿಷಯದಲ್ಲಿ ಪಂಚಾಯಿತಿ ಬೇಡಿಕೆಯನ್ನು ಬೆಂಬಲಿಸಬಹುದೇ ಹೊರತು ಜಾಗ ಕೊಡಲಾರದು, ಏಕೆಂದರೆ ಅನ್ಯರ ಆಸ್ತಿಯಲ್ಲದ ಭೂಮಿಯೆಲ್ಲ ರಾಜ್ಯ ಸರ್ಕಾರದ್ದೆಂದು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೇ ಕಲಂ ಸಾರುತ್ತದೆ. ಊರಿನದೆಂದು ನೂರು ವರ್ಷ ನಂಬಿಕೊಂಡು ಬಂದ ಬಯಲು ಕಾಗದದಲ್ಲಿ ಊರಿನದಲ್ಲವೆಂಬ ಸಂಗತಿ ಎಷ್ಟೋ ಕಡೆ ಆಸ್ಪತ್ರೆಯ ಅರ್ಜಿಯ ನೆಪದಲ್ಲಿಯೇ ಬೆಳಕಿಗೆ ಬರುವುದುಂಟು.

ಗಾಯರಾಣದ ಹಿಂದೆ ಒಂದು ಇತಿಹಾಸವಿದೆ. ಮುಂಡರಗಿ, ಗದಗ ಸೀಮೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ ಧಾರವಾಡ ಜಿಲ್ಲೆಯಲ್ಲಿತ್ತು. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. 1879ರ ಮುಂಬಯಿ ಭೂಕಂದಾಯ ಸಂಹಿತೆಯ 38ನೇ ಕಲಮಿನನ್ವಯ ಮೋಜಣಿ ಅಧಿಕಾರಿಗಳು ಊರೂರಿನಲ್ಲಿ ಮೇವಿಗೆಂದು ಭೂಮಿಯನ್ನು ಬೇರೆ ತೆಗೆದಿಟ್ಟರು, ಗಾಯರಾಣವೆಂಬ ಹೆಸರು ಆ ಆಡಳಿತದ ಮರಾಠಿ ದಫ್ತರದಿಂದ ಬಂದದ್ದು. ಇತ್ತ ಮೈಸೂರು ಸೀಮೆಯಲ್ಲಿ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಗಿ, ಅರಮನೆಯ ದನಗಳಿಗೆಂದೇ ವಿಶಾಲ ಕಾವಲುಗಳು ಉಳಿದುಬಂದವು. ಎರಡೂ ಪದ್ಧತಿಗಳನ್ನು ಒಂದು ಮಾಡಿದ 1964ರ ಅಧಿನಿಯಮದ 71ನೇ ಕಲಂ, ಉಚಿತ ಮೇವಿಗೋ ಬೇರಾವುದೇ ಸಾರ್ವಜನಿಕ ಉದ್ದೇಶಕ್ಕೋ ಭೂಮಿಯನ್ನು ಕಾದಿರಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟು, ಹಾಗೆ ಕಾದಿರಿಸಿದ್ದನ್ನು ಅವರ ಮಂಜೂರಾತಿಯಿಲ್ಲದೆ ಅನ್ಯ ಕೆಲಸಕ್ಕೆ ಬಳಸಬಾರದೆಂದು ವಿಧಿಸಿತು. 1966ರ ಭೂಕಂದಾಯ ನಿಯಮಗಳ 97ನೇ ನಿಯಮವು ಪ್ರತಿ ನೂರು ದನಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಭೂಮಿಯ ಪ್ರಮಾಣವನ್ನು ನಿಗದಿಪಡಿಸುತ್ತದೆ. ಎಂಟುನೂರು ದನಗಳಿರುವ ಊರಿಗೆ ಈ ಲೆಕ್ಕದಲ್ಲಿ 96 ಹೆಕ್ಟೇರ್ ಬೇಕು. ಅಷ್ಟು ಮೇವಿನ ನೆಲ ಉಳಿಸಿಕೊಂಡಿರುವ ಊರನ್ನು ಇಂದು ಹುಡುಕಿ ತೋರಿಸುವುದು ಕಷ್ಟ. ದನಗಳ ಆಸ್ಪತ್ರೆಗಾಗಿ ದನಗಳ ಮೇವಿನ ನೆಲವನ್ನೇ ಕೇಳುವುದರಲ್ಲಿರುವ ಇಕ್ಕಟ್ಟು ಇದು, ಮತ್ತು ಇದನ್ನು ದನಗಳ ಹೆಸರು ಹೇಳಿ ಮರೆಮಾಡುವುದು ಸರಿಯಲ್ಲ.

ಆಸ್ಪತ್ರೆಯ ಕಟ್ಟಡದ ಕಾಗದಪತ್ರವೂ ಅಷ್ಟೇ ಜಟಿಲವಾಗಿರುವುದುಂಟು. ಮುಂಬಯಿ ಆಡಳಿತದಲ್ಲಿ ಪಶು ದವಾಖಾನೆಗಳ ನಿರ್ವಹಣೆ ಜಿಲ್ಲಾ ಲೋಕಲ್ ಬೋರ್ಡುಗಳ ಪಾಲಿಗಿತ್ತು. 1959ರ ಕಾಯಿದೆ ತಾಲ್ಲೂಕು ಬೋರ್ಡುಗಳನ್ನು ತಂದಿತು, 1983ರ ಕಾಯಿದೆ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳನ್ನು ತಂದಿತು, 1993ರ ಕಾಯಿದೆ ಇಂದಿನ ಮೂರು ಹಂತದ ವ್ಯವಸ್ಥೆಯನ್ನು ತಂದಿತು. ಕಾಯಿದೆ ಬದಲಾದಷ್ಟು ಬೇಗ ಉತಾರ ಬದಲಾಗುವುದಿಲ್ಲ. ಉತಾರವೆಂದರೆ ಈ ಭಾಗದಲ್ಲಿ ಪಹಣಿಗೆ, ಅಂದರೆ ಒಡೆತನ, ಬಳಕೆ, ವಿಸ್ತೀರ್ಣಗಳನ್ನು ತೋರಿಸುವ ದಾಖಲೆಗೆ ಇರುವ ರೂಢಿಯ ಹೆಸರು. ಆದ್ದರಿಂದ ಕಟ್ಟಡವು ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವೆಗಳ ಇಲಾಖೆಯ ವಶದಲ್ಲಿದ್ದು, ಅದರಡಿಯ ನೆಲ ಇಂದು ಅಸ್ತಿತ್ವದಲ್ಲಿಯೇ ಇಲ್ಲದ ಸಂಸ್ಥೆಯ ಹೆಸರಿನಲ್ಲಿ ಉಳಿಯುವುದು ಅಸಂಭವವೇನಲ್ಲ. ಪಕ್ಕದ ಜಾಗ ಕೇಳುವ ಮೊದಲು ತಾನು ನಿಂತಿರುವ ಜಾಗದ ದಾಖಲೆಯನ್ನು ಸರಿಪಡಿಸಿಕೊಳ್ಳುವುದು ಆಸ್ಪತ್ರೆಗೆ ಕ್ಷೇಮ.

ಪಕ್ಕದ ಜಾಗಗಳಲ್ಲಿ ಎಲ್ಲಕ್ಕಿಂತ ಹೊಂದುವಂಥದ್ದು ಹಳೆಯ ಕೊಂಡವಾಡ. ಬೆಳೆ ಮೇಯ್ದ ಅಂಡಲೆವ ದನಗಳನ್ನು ಹಿಡಿದು ಕೂಡಿ, ದಂಡ ಕಟ್ಟಿದ ಮೇಲೆ ಬಿಡುತ್ತಿದ್ದ ಈ ದೊಡ್ಡಿಗಳಿಗೆ 1871ರ ದನಗಳ ಅತಿಕ್ರಮ ಪ್ರವೇಶ ಕಾಯಿದೆಯ ಬಲವಿತ್ತು. ಸಂವಿಧಾನದ ರಾಜ್ಯಪಟ್ಟಿಯಲ್ಲಿ ಪಶುವೈದ್ಯ ವೃತ್ತಿ 15ನೆಯ ನಮೂದಾದರೆ ದನದ ದೊಡ್ಡಿ 16ನೆಯ ನಮೂದು. ಕಾಗದದ ಮೇಲೆಯೂ ಎರಡೂ ನೆರೆಹೊರೆಯವೇ ಎಂಬುದು ಕಾಕತಾಳೀಯವಾದರೂ ಸೊಗಸಾಗಿದೆ. ಬಹುತೇಕ ಊರುಗಳಲ್ಲಿ ಕೊಂಡವಾಡ ಬಳಕೆ ತಪ್ಪಿ, ಕುಸಿದ ಗೋಡೆಯ ನಡುವೆ ಜಾಲಿ ಬೆಳೆದು ನಿಂತಿದೆ. ಗಾವಠಾಣದೊಳಗೆ ಅಥವಾ ಅದರ ಅಂಚಿನಲ್ಲಿ ಇರುವುದು, ದನಕ್ಕೆಂದೇ ಮೀಸಲಾದದ್ದು, ಸ್ಥಳೀಯ ಸಂಸ್ಥೆಯ ಕೈಯಲ್ಲಿರುವುದು ಎಂಬ ಮೂರು ಕಾರಣಗಳಿಂದ ಇಂಥ ನಿವೇಶನ ಸಿಕ್ಕುವಲ್ಲಿ ಗಾಯರಾಣದ ತಂಟೆಗೆ ಹೋಗಬೇಕಾದ ಅಗತ್ಯವೇ ಇಲ್ಲ.

ಬೇಡಿಕೆಯ ದಾರಿ ಹೀಗೆ ಸಾಗುತ್ತದೆ. ಆಸ್ಪತ್ರೆಯ ವೈದ್ಯಾಧಿಕಾರಿ ತಾಲ್ಲೂಕಿನ ಸಹಾಯಕ ನಿರ್ದೇಶಕರ ಮೂಲಕ ಬೇಡಿಕೆ ಸಲ್ಲಿಸುತ್ತಾರೆ. ಭೂಮಾಪಕರು ಹದ್ದುಬಸ್ತು ಮಾಡಿ, ಅಂದರೆ ಸರಪಳಿ ಹಿಡಿದು ಗಡಿ ಗುರುತಿಸಿ, ನಕ್ಷೆ ಕೊಡುತ್ತಾರೆ. ಜಾಗ ಪಂಚಾಯಿತಿಯದಾಗಿದ್ದರೆ ಸಾಮಾನ್ಯ ಸಭೆಯಲ್ಲಿ ಠರಾವು, ಎಂದರೆ ನಿರ್ಣಯ, ಆಗಬೇಕು. ಸರ್ಕಾರದ್ದಾಗಿದ್ದರೆ ಕಡತ ತಹಶೀಲ್ದಾರರ ವರದಿಯೊಡನೆ ಉಪವಿಭಾಗಾಧಿಕಾರಿಯನ್ನು ದಾಟಿ ಜಿಲ್ಲಾಧಿಕಾರಿಯ ಬಳಿಗೆ ಹೋಗುತ್ತದೆ. ಮುಂಡರಗಿ, ಲಕ್ಷ್ಮೇಶ್ವರದ ಪುರಸಭೆ, ಶಿರಹಟ್ಟಿಯ ಪಟ್ಟಣ ಪಂಚಾಯಿತಿ, ಗದಗ-ಬೆಟಗೇರಿಯ ನಗರಸಭೆಗಳ ವ್ಯಾಪ್ತಿಯಲ್ಲಿ 1964ರ ಪುರಸಭೆಗಳ ಅಧಿನಿಯಮ ಅನ್ವಯಿಸುತ್ತದೆ, ಮತ್ತು ಕೇಳಿದ ಜಾಗ ಉದ್ಯಾನಕ್ಕೋ ಆಟದ ಬಯಲಿಗೋ ಮೀಸಲಾಗಿದ್ದರೆ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ.

ಇಲ್ಲಿ ಮೂರು ಪದಗಳ ಅಂತರವನ್ನು ತಿಳಿದಿರಬೇಕು. ಹಸ್ತಾಂತರವೆಂದರೆ ಜಾಗ ಒಂದು ಸರ್ಕಾರಿ ಅಂಗದಿಂದ ಇನ್ನೊಂದಕ್ಕೆ ದಾಖಲೆ ಸಹಿತ ವರ್ಗವಾಗುವುದು. ಗುತ್ತಿಗೆಯೆಂದರೆ ನಿಗದಿತ ಅವಧಿಗೆ, ನಿಗದಿತ ಬಾಡಿಗೆಗೆ ಕೊಡುವುದು. ಬಳಕೆಯ ಅನುಮತಿಯೆಂದರೆ ಒಡೆತನವಾಗಲಿ ಹಿಡುವಳಿಯ ಹಕ್ಕಾಗಲಿ ಬದಲಾಗದೆ, ಗೊತ್ತುಪಡಿಸಿದ ಕೆಲಸಕ್ಕೆ ಮಾತ್ರ ಜಾಗವನ್ನು ಬಳಸಲು ಬಿಡುವುದು. ಟ್ರೆವಿಸ್, ನೆರಳಿನ ಶೆಡ್ಡು, ಕುರಿಯ ತಟ್ಟಿ, ನೀರಿನ ತೊಟ್ಟಿಗಳಿಗೆ ಮೂರನೆಯದೇ ಸಾಕು. ಪಕ್ಕಾ ಕಟ್ಟಡ ಏಳಬೇಕಾದಾಗ ಮಾತ್ರ ಮೊದಲನೆಯದರ ಅಗತ್ಯ ಬೀಳುತ್ತದೆ. ಖಾಸಗಿ ಪಶು ಚಿಕಿತ್ಸಾಲಯವೊಂದು ಊರ ಜಾಗ ಕೇಳಿದರೆ ಅದಕ್ಕೆ ಹಸ್ತಾಂತರದ ಪ್ರಶ್ನೆಯೇ ಇಲ್ಲ. ಅಲ್ಲಿ ಪೈಪೋಟಿಯ ದರ, ಅವಧಿ, ಊರ ದನಗಳಿಗೆ ಸಿಗುವ ರಿಯಾಯಿತಿ ಇವುಗಳನ್ನೆಲ್ಲ ಬರೆದಿಟ್ಟ ಗುತ್ತಿಗೆಯೊಂದೇ ಮಾರ್ಗ, ಸೇವೆಯ ಹೆಸರಿನಲ್ಲಿ ಅದನ್ನು ಸಡಿಲಿಸುವುದು ಮುಂದಿನ ಒತ್ತುವರಿಗೆ ಬಾಗಿಲು ತೆರೆದಂತೆ.

ಊರ ಸಾಮೂಹಿಕ ಭೂಮಿಯ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಇಲ್ಲಿ ಗಮನಿಸಬೇಕು. ಪಂಜಾಬಿನ ಪಟಿಯಾಲಾ ಜಿಲ್ಲೆಯ ಹಳ್ಳಿಯೊಂದರ ಹೊಂಡವನ್ನು ಮುಚ್ಚಿ ಮನೆ ಕಟ್ಟಿದವರ ವಿರುದ್ಧದ ಆ ವ್ಯಾಜ್ಯದಲ್ಲಿ, ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅವರ ಪೀಠ ಇಡೀ ದೇಶದ ಗ್ರಾಮ ಸಾಮೂಹಿಕ ಭೂಮಿಗಳ ಒತ್ತುವರಿ ತೆರವಿಗೆ ಯೋಜನೆ ರೂಪಿಸುವಂತೆ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಒತ್ತುವರಿಯನ್ನು ಸಕ್ರಮಗೊಳಿಸಬಾರದೆಂಬ ಆ ಕಟ್ಟುನಿಟ್ಟಿನ ಆದೇಶದಲ್ಲಿಯೂ ಭೂಹೀನರಿಗೆ ಸರ್ಕಾರದ ಅಧಿಸೂಚನೆಯನ್ವಯ ಕೊಟ್ಟ ಗುತ್ತಿಗೆಯ ಜೊತೆಗೆ ಶಾಲೆ, ದವಾಖಾನೆ ಅಥವಾ ಬೇರೆ ಸಾರ್ವಜನಿಕ ಸೌಕರ್ಯ ಈಗಾಗಲೇ ಇರುವ ಜಾಗಗಳಿಗೆ ವಿನಾಯಿತಿಯ ಅವಕಾಶವಿದೆ. ಈಗಾಗಲೇ ಊರ ಜಾಗದಲ್ಲಿ ನಿಂತ ಪಶು ದವಾಖಾನೆಗೆ ಇದು ಆಸರೆಯಾಗಬಲ್ಲದಾದರೂ, ಹೊಸದಾಗಿ ಬೇಲಿ ಹಾಕಿಕೊಳ್ಳಲು ಪರವಾನಗಿಯಲ್ಲ. ಇಲಾಖೆಯೊಂದು ಅನುಮತಿಯಿಲ್ಲದೆ ಬೇಲಿ ಹಾಕಿದರೆ ಅದೂ ಒತ್ತುವರಿಯೇ.

ದನಗಳ ನೆಲ ದನಗಳಿಂದ ದೂರವಾಗುವ ಕಥೆ ದೊಡ್ಡ ಪ್ರಮಾಣದಲ್ಲಿ ನಡೆದದ್ದನ್ನು ನೋಡಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸಾಕು. ಅಲ್ಲಿ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು 2008ರಿಂದೀಚೆಗೆ ರಕ್ಷಣಾ ಮತ್ತು ವೈಜ್ಞಾನಿಕ ಸಂಸ್ಥೆಗಳಿಗೆ ಹಂಚಿಕೆಯಾಗಿ, ವ್ಯಾಜ್ಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅದರ ಮುಂದೆ ಹತ್ತು ಗುಂಟೆ ಲೆಕ್ಕಕ್ಕೇ ಬರುವುದಿಲ್ಲವೆನಿಸಬಹುದು. ಆದರೆ ಗಾಯರಾಣಗಳು ಕರಗಿದ್ದು ಹೆಚ್ಚಾಗಿ ಹೀಗೆ ಹತ್ತು ಹತ್ತು ಗುಂಟೆಯಾಗಿಯೇ, ಪ್ರತಿ ಸಲವೂ ಒಂದು ಒಳ್ಳೆಯ ಕಾರಣಕ್ಕಾಗಿಯೇ. ಆದ್ದರಿಂದ ಆಸ್ಪತ್ರೆಗೆ ಜಾಗ ಕೊಡಬೇಕೆಂಬುದು ನಿರ್ವಿವಾದವಾದರೂ ಅದು ಗಾವಠಾಣದ ಖಾಲಿ ಜಾಗವೋ ಕೊಂಡವಾಡವೋ ಆಗಿರಬೇಕು, ಬಳಕೆಯ ಅನುಮತಿಯ ರೂಪದಲ್ಲಿರಬೇಕು, ಕುರಿಗಾರರು ನೀರಿಗೆ ಹೋಗುವ ದಾರಿಯನ್ನು ಮುಚ್ಚಬಾರದು, ಮತ್ತು ಪಶುವೈದ್ಯ ಸೇವೆ ನಿಂತ ದಿನ ಜಾಗ ತಾನಾಗಿ ಊರಿಗೆ ಮರಳಬೇಕು. ಸ್ಥಳಾಂತರದ ಹೊಸ ಊರುಗಳ ಮಾತು ಬೇರೆ. 2013ರ ಭೂಸ್ವಾಧೀನ ಮತ್ತು ಪುನರ್ವಸತಿ ಕಾಯಿದೆಯ ಮೂರನೆಯ ಅನುಸೂಚಿ, ಅದರ ವ್ಯಾಪ್ತಿಗೆ ಬರುವ ಪುನರ್ವಸತಿ ಪ್ರದೇಶಗಳಲ್ಲಿ ದನಗಳ ಕುಡಿಯುವ ನೀರು, ಮೇವಿನ ಭೂಮಿ ಮತ್ತು ಪಶುವೈದ್ಯ ಸೇವಾ ಕೇಂದ್ರಗಳನ್ನು ಒದಗಿಸಲೇಬೇಕಾದ ಸೌಕರ್ಯಗಳಾಗಿ ಎಣಿಸಿದೆ. ನಕ್ಷೆ ಬರೆಯುವಾಗಲೇ ಹೀಗೆ ಜಾಗ ಬಿಟ್ಟಿದ್ದರೆ ಹಳೆಯ ಊರುಗಳ ಆಸ್ಪತ್ರೆಗಳು ಇಂದು ಅರ್ಜಿ ಹಿಡಿದು ನಿಲ್ಲಬೇಕಾಗಿರಲಿಲ್ಲ.

ತಮ್ಮ ಊರಿನ ದವಾಖಾನೆಯ ಮಗ್ಗುಲಿನ ಬಯಲು ಯಾರ ಹೆಸರಿನಲ್ಲಿದೆ, ಅದರ ಬಗ್ಗೆ ಹಿಂದೆ ಯಾವ ಠರಾವು ಆಗಿದೆ ಎಂಬುದನ್ನು ತಿಳಿಯಲು ಯಾರೂ ಕಾಯಬೇಕಾಗಿಲ್ಲ. ನಾಡಕಚೇರಿಯಲ್ಲಿ ಸರ್ವೆ ನಂಬರು ಹೇಳಿದರೆ ಪಹಣಿ ಸಿಗುತ್ತದೆ. ಪಂಚಾಯಿತಿಯ ಠರಾವಿನ ನಕಲಿಗೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಬರಬೇಕು.